ಮೈಗೆ ಹತ್ತಿ, ಕೈಗೆ ಪಾಲಿಯೆಸ್ಟರ್



ಬೇಸಿಗೆಗೆ ಯಾವ ಬಟ್ಟೆ ಹಿತ ಎಂದು ಯಾರಾದರೂ ಕೇಳಿದರೆ ನಾವೆಲ್ಲ ಯೋಚಿಸದೆ ‘ಹತ್ತಿ’ ಎನ್ನುತ್ತೇವೆ. ಆದರೆ ಮನೆಗೆ ಹೋಗಿ ಕಪಾಟು ತೆರೆದರೆ ಬೇರೆಯೇ ಉತ್ತರ ಸಿಗುತ್ತದೆ. ದಿನಬಳಕೆಯ ಕುರ್ತಾ, ಮಕ್ಕಳ ಯೂನಿಫಾರ್ಮು, ಯಜಮಾನರ ಪ್ಯಾಂಟು, ಯಾರೋ ಉಡಿ ತುಂಬುವಾಗ ಕೊಟ್ಟ ಸೀರೆ, ಇವುಗಳಲ್ಲಿ ಬಹುಪಾಲು ಪಾಲಿಯೆಸ್ಟರ್, ಇಲ್ಲವೇ ಪಾಲಿಯೆಸ್ಟರ್ ಬೆರೆತದ್ದು. ಬಾಯಿ ಹೇಳುವುದು ಒಂದು, ಕಪಾಟು ಹೇಳುವುದು ಇನ್ನೊಂದು. ಈ ವ್ಯತ್ಯಾಸ ಹೇಗೆ ಬಂತು ಎಂದು ಹುಡುಕುತ್ತಾ ಹೋದಾಗ ನನಗೆ ಕಂಡ ಕಥೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲೇ ಒಂದು ಮಾತು. ಬಟ್ಟೆಯ ಹಿತವನ್ನು ಅಳೆಯುವವರು ಸಾಮಾನ್ಯವಾಗಿ ಉಡುವವರ ಮೈಯನ್ನಷ್ಟೇ ನೋಡುತ್ತಾರೆ. ಆ ಬಟ್ಟೆಯನ್ನು ಒಗೆಯುವ, ಹಿಂಡುವ, ಗಂಜಿ ಹಾಕುವ, ಇಸ್ತ್ರಿ ಮಾಡುವ ಕೈಯ ಲೆಕ್ಕ ಅದರಲ್ಲಿ ಬರುವುದಿಲ್ಲ. ಆ ಕೈಯನ್ನೂ ಸೇರಿಸಿಕೊಂಡರೆ ಹತ್ತಿ ಮತ್ತು ಪಾಲಿಯೆಸ್ಟರಿನ ಚರಿತ್ರೆ ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ಕುಮಟೆಯಿಂದ ಮುಂಬಯಿಗೆ

ಹತ್ತಿ ನಮ್ಮ ನೆಲದ್ದೇ ನಾರು. ಮೊಹೆಂಜೊದಾರೋದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡಿದ್ದ ಹತ್ತಿ ಬಟ್ಟೆಯ ಚೂರು ಸಿಕ್ಕಿದೆ. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಭಾರತದಲ್ಲಿ ಕುರಿಯ ಉಣ್ಣೆಗಿಂತ ಚೆಂದದ ಉಣ್ಣೆಯನ್ನು ಬಿಡುವ ಗಿಡಗಳಿವೆ ಎಂದು ಬರೆದ. ಅವನ ದೇಶದಲ್ಲಿ ಹತ್ತಿಗೆ ಹೆಸರೂ ಇರಲಿಲ್ಲ.

ಮುಂಬಯಿಗೂ ಕನ್ನಡ ನಾಡಿಗೂ ಇರುವ ನಂಟಿನಲ್ಲಿ ಹತ್ತಿಯ ಪಾಲು ದೊಡ್ಡದು. ಧಾರವಾಡ, ಗದಗ, ಹುಬ್ಬಳ್ಳಿಯ ಎರೆಹೊಲಗಳಲ್ಲಿ ಬೆಳೆದ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯದಿದ್ದರೂ ಮುಂಬಯಿ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. 1840ರ ದಶಕದಲ್ಲಿ ಇಂಗ್ಲಿಷರು ಅಮೆರಿಕದ ಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸಿದರು, ಲ್ಯಾಂಕಶೈರಿನ ಗಿರಣಿಗಳಿಗೆ ಉದ್ದ ಎಳೆ ಬೇಕಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ನಮ್ಮ ಕಡೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಮುಂಬಯಿಯ ಎಷ್ಟೋ ದೊಡ್ಡ ಕಟ್ಟಡಗಳ ಹಿಂದೆ ಆ ನಾಲ್ಕು ವರ್ಷಗಳ ಹತ್ತಿಯ ದುಡ್ಡಿದೆ. ಹಾರ್ಬರ್ ಲೈನಿನಲ್ಲಿ ಓಡಾಡುವವರಿಗೆ ಕಾಟನ್ ಗ್ರೀನ್ ಸ್ಟೇಷನ್ ಗೊತ್ತು. ಹತ್ತಿಯ ವ್ಯಾಪಾರ ಬಿಟ್ಟುಹೋದ ಹೆಸರು ಅದು.

1854ರಲ್ಲಿ ಕಾವಸಜಿ ನಾನಾಭಾಯಿ ದಾವರ್ ಮುಂಬಯಿಯ ಮೊದಲ ಹತ್ತಿ ಗಿರಣಿಯ ಕಂಪನಿ ಕಟ್ಟಿದರು. ತಾಡದೇವದಲ್ಲಿ ಆರಂಭವಾದ ಗಿರಣಿಗಳ ಸಾಲು ಪರೇಲ್, ಲಾಲ್‌ಬಾಗ್, ವರಳಿಯವರೆಗೆ ಬೆಳೆದು ‘ಗಿರಣಗಾವ್’ ಆಯಿತು. ನಮ್ಮ ನಾಡಿನಲ್ಲೂ ಗೋಕಾಕ ಜಲಪಾತದ ಪಕ್ಕದಲ್ಲಿ, ಹುಬ್ಬಳ್ಳಿಯಲ್ಲಿ, ಮುಂದೆ ದಾವಣಗೆರೆಯಲ್ಲಿ ಗಿರಣಿಗಳು ಎದ್ದವು. ಸ್ವದೇಶಿ ಚಳವಳಿ ಬಂದ ಮೇಲೆ ಹತ್ತಿಗೆ ದೇಶಭಕ್ತಿಯ ಮೆರುಗೂ ಸೇರಿತು. ಬೆಳಗಾವಿ ಜಿಲ್ಲೆಯ ಹುದಲಿಯಲ್ಲಿ ಗಂಗಾಧರರಾವ್ ದೇಶಪಾಂಡೆಯವರು ಖಾದಿಯನ್ನು ಊರಿನ ಬದುಕಾಗಿಸಿದರು. ಹೀಗೆ ಬಡವರಿಂದ ಸಿರಿವಂತರವರೆಗೆ ದಿನನಿತ್ಯದ ಬಟ್ಟೆ ಎಂದರೆ ಹತ್ತಿಯೇ ಆಗಿದ್ದ ಕಾಲವದು.

ಕ್ಯಾಲಿಕೋ ಮನೆಯಲ್ಲಿ ಹುಟ್ಟಿದ ಹೊಸ ನೂಲು

ಪಾಲಿಯೆಸ್ಟರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1941ರಲ್ಲಿ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಡಿಕ್ಸನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಅವರು ಕೆಲಸ ಮಾಡುತ್ತಿದ್ದ ಸಂಸ್ಥೆ ಮ್ಯಾಂಚೆಸ್ಟರಿನ ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್. ‘ಕ್ಯಾಲಿಕೋ’ ಎಂಬ ಪದ ಬಂದದ್ದು ನಮ್ಮ ಕಲ್ಲಿಕೋಟೆಯಿಂದ. ಅಂದರೆ ಹತ್ತಿಯನ್ನು ಮುಂದೆ ಹಿಂದಕ್ಕೆ ತಳ್ಳಿದ ನೂಲು, ಮಲಬಾರಿನ ಹತ್ತಿ ಬಟ್ಟೆಯ ಹೆಸರು ಹೊತ್ತ ಸಂಸ್ಥೆಯಲ್ಲೇ ಹುಟ್ಟಿತು! ಇಂಗ್ಲೆಂಡಿನಲ್ಲಿ ಐಸಿಐ ಕಂಪನಿ ಅದನ್ನು ‘ಟೆರಿಲೀನ್’ ಎಂದು ಮಾರಿತು, ಅಮೆರಿಕದಲ್ಲಿ ಡ್ಯೂಪಾಂಟ್ ಕಂಪನಿ ‘ಡೇಕ್ರಾನ್’ ಎಂದು ಕರೆಯಿತು. ಇಂದು ನಾವು ನೀರಿನ ಬಾಟಲಿಗೆ ಬಳಸುವ ಪ್ಲಾಸ್ಟಿಕ್ಕೂ ಇದೇ ವಸ್ತು.

ಎರಡು ನಾರುಗಳ ಗುಣ ತಿಳಿಯಲು ಒಂದು ಲೆಕ್ಕ ಸಾಕು. ಸಾಧಾರಣ ತೇವದ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 7ರಿಂದ 8 ಗ್ರಾಂ ನೀರಿನ ಆವಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಆದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಅಷ್ಟೇ ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಬೆವರಿದಾಗ ಹತ್ತಿ ಹಿತವಾಗಿರುವುದು, ಪಾಲಿಯೆಸ್ಟರ್ ಮೈಗೆ ಅಂಟುವುದು ಇದರಿಂದಲೇ. ಎಣ್ಣೆ ಜಿಡ್ಡನ್ನು ಮಾತ್ರ ಪಾಲಿಯೆಸ್ಟರ್ ಬಿಗಿಯಾಗಿ ಹಿಡಿಯುತ್ತದೆ. ಆದ್ದರಿಂದ ಕಂಕುಳಿನ ವಾಸನೆ ಒಗೆದರೂ ಪೂರ್ತಿ ಹೋಗುವುದಿಲ್ಲ.

ಇದೇ ಗುಣವನ್ನು ಒಗೆಯುವ ಕಲ್ಲಿನ ಕಡೆಯಿಂದ ನೋಡಿ. ನೀರು ಹೀರದ ಬಟ್ಟೆ ಒದ್ದೆಯಾದಾಗ ಭಾರವಾಗುವುದಿಲ್ಲ, ಬೇಗ ಒಣಗುತ್ತದೆ. ಹತ್ತಿಯ ಎಳೆಯೊಳಗೆ ನೀರು ಹೊಕ್ಕಾಗ ಅದರ ಒಳಗಿನ ಕೊಂಡಿಗಳು ಸಡಿಲವಾಗಿ, ಮುದುರಿದ ಭಂಗಿಯಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಅದಕ್ಕೇ ಹತ್ತಿ ಬಟ್ಟೆ ಸುಕ್ಕಾಗುತ್ತದೆ, ನೀರು ಚಿಮುಕಿಸಿ ಇಸ್ತ್ರಿ ಮಾಡಬೇಕಾಗುತ್ತದೆ. ಪಾಲಿಯೆಸ್ಟರಿಗೆ ಆ ಕಷ್ಟವಿಲ್ಲ. ಒಮ್ಮೆ ಬಿಸಿಯಲ್ಲಿ ಹೂಡಿದ ಮಡಿಕೆ ಒಗೆದ ಮೇಲೂ ಹಾಗೇ ನಿಲ್ಲುತ್ತದೆ. ಮೈಗೆ ಅಹಿತವಾದ ಗುಣವೇ ಕೈಗೆ ಹಿತವಾಯಿತು.

ಚಾಳಿನ ಒಂದು ಕೋಣೆಯಲ್ಲಿ

ಭಾರತದಲ್ಲಿ ಪಾಲಿಯೆಸ್ಟರ್ ನೂಲು ತಯಾರಾಗತೊಡಗಿದ್ದು 1960ರ ದಶಕದಲ್ಲಿ. ಠಾಣೆಯಲ್ಲಿ ಆದ ನೂಲು ‘ಟೆರೀನ್’ ಎಂಬ ಹೆಸರಿನಲ್ಲಿ ಪೇಟೆಗೆ ಬಂತು. ಅದಕ್ಕೆ ಹತ್ತಿ ಬೆರೆಸಿದ್ದು ‘ಟೆರಿಕಾಟ್’. ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್, ಒಂದು ಪಾಲು ಹತ್ತಿ ಎಂಬುದು ರೂಢಿಯ ಅಳತೆಯಾಗಿತ್ತು. ಸರ್ಕಾರ ಅದನ್ನು ಐಷಾರಾಮದ ಸಾಮಾನೆಂದು ಎಣಿಸಿ ಭಾರೀ ತೆರಿಗೆ ಹಾಕುತ್ತಿತ್ತು. ಆದ್ದರಿಂದ ಬೆಲೆಯೂ ಹೆಚ್ಚು, ಪ್ರತಿಷ್ಠೆಯೂ ಹೆಚ್ಚು. ಮದುವೆಯ ಗಂಡಿಗೆ ಟೆರಿಲಿನ್ ಶರ್ಟು, ಹೆಣ್ಣಿಗೆ ನೈಲಾನ್ ಅಥವಾ ನೈಲೆಕ್ಸ್ ಸೀರೆ ಕೊಟ್ಟರೆ ಬೀಗರ ಮುಂದೆ ಮಾತಿಲ್ಲ ಎನ್ನುವ ಕಾಲವನ್ನು ನಮ್ಮಲ್ಲಿ ಹಿರಿಯರು ಇನ್ನೂ ನೆನೆಯುತ್ತಾರೆ.

ನನ್ನ ತಾಯಿ 1974ರಲ್ಲಿ ಮದುವೆಯಾಗಿ ಗದಗಿನಿಂದ ಪರೇಲಿನ ಚಾಳಿಗೆ ಬಂದರು. ತಂದದ್ದು ಎರಡು ಇಳಕಲ್ ಸೀರೆ, ನಾಲ್ಕು ವಾಯಿಲ್ ಸೀರೆ, ಗುಳೇದಗುಡ್ಡದ ಖಣದ ಕುಬಸಗಳು. ಬೆಳಿಗ್ಗೆ ಎರಡು ತಾಸು ನಲ್ಲಿ ನೀರು, ಬಟ್ಟೆ ಒಗೆಯಲು ಸಾಮೂಹಿಕ ಮೋರಿ, ಒಣಗಿಸಲು ಮನೆಯೊಳಗೆ ಸೂರಿಗೆ ಕಟ್ಟಿದ ಗಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಒದ್ದೆಯಾದ ಹತ್ತಿ ಸೀರೆ ಎರಡು ದಿನ ಗಳದ ಮೇಲೇ ಇದ್ದು ಮುಗ್ಗುಲು ವಾಸನೆ ಹಿಡಿಯುತ್ತಿತ್ತು. ನನಗೆ ಎರಡು ವರ್ಷವಾದಾಗ ಅವರಿಗೆ ಫೋರ್ಟಿನ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಬೆಳಿಗ್ಗೆ ಲೋಕಲ್ ರೈಲಿನ ನೂಕುನುಗ್ಗಲು, ಕಚೇರಿಯಲ್ಲಿ ನೀಟಾಗಿ ಕಾಣಬೇಕು, ಸಂಜೆ ಬಂದು ಅಡಿಗೆ. ಮೊದಲ ಸಂಬಳದಲ್ಲಿ ಅವರು ಕೊಂಡದ್ದು ಒಂದು ಪಾಲಿಯೆಸ್ಟರ್ ಸೀರೆ. ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆ ಉಡಲು ತಯಾರು.

ಊರಿಂದ ಬಂದ ನಮ್ಮ ಅಜ್ಜಿಗೆ, ಅಂದರೆ ತಂದೆಯ ತಾಯಿಗೆ, ಇದು ಹಿಡಿಸಲಿಲ್ಲ. ಹದಿನೆಂಟು ಮೊಳದ ಇಳಕಲ್ ಸೀರೆಯನ್ನೇ ಉಟ್ಟ ಜೀವ ಅದು. ಸೊಸೆಯ ಸೀರೆ ಮುಟ್ಟಿ ನೋಡಿ, “ಏನವಾ ಇದು, ಮೈಗೆ ಪ್ಲಾಸ್ಟಿಕ್ ಸುತಗೊಂಡಂಗ ಐತಲ್ಲ, ಬೆವರು ಕುಡಿಯಂಗಿಲ್ಲ” ಅಂದರಂತೆ. ಅದಕ್ಕೆ ನಮ್ಮ ತಾಯಿ, “ಬೆವರು ಕುಡಿಯಂಗಿಲ್ಲ ಖರೆ ಅತ್ತಿ, ನನ್ನ ಹೊತ್ತೂ ಕುಡಿಯಂಗಿಲ್ಲ” ಅಂದರಂತೆ. ಹತ್ತಿ ಮೇಲೋ ಪಾಲಿಯೆಸ್ಟರ್ ಮೇಲೋ ಎಂಬ ವಾದ ಬಂದಾಗಲೆಲ್ಲ ನನಗೆ ಈ ಎರಡು ಮಾತುಗಳು ನೆನಪಾಗುತ್ತವೆ. ಇಬ್ಬರೂ ಹೇಳಿದ್ದು ನಿಜ.

ಆ ದಶಕದಲ್ಲಿ ಬ್ಯಾಂಕು, ವಿಮಾ ಕಚೇರಿ, ಟೆಲಿಫೋನ್ ಎಕ್ಸ್‌ಚೇಂಜ್, ಶಾಲೆಗಳಿಗೆ ಕೆಲಸಕ್ಕೆ ಹೊರಟ ಸಾವಿರಾರು ಮಧ್ಯಮ ವರ್ಗದ ಹೆಂಗಸರಿಗೆ ಇದೇ ಅನುಭವ. ಮನೆಗೆಲಸದಲ್ಲಿ ಪಾಲು ಹಂಚಿಕೊಳ್ಳುವ ಗಂಡಸರು ಕಡಿಮೆ ಇದ್ದರು. ವಾಷಿಂಗ್ ಮಷಿನ್ ಎಲ್ಲೋ ಒಬ್ಬರ ಮನೆಯಲ್ಲಿ. ಅಂಥ ಹೊತ್ತಿನಲ್ಲಿ ಅವರ ಕೆಲಸ ಹಗುರ ಮಾಡಿದ್ದು ಕುಕ್ಕರ್, ಮಿಕ್ಸರ್ ಜೊತೆಗೆ ಪಾಲಿಯೆಸ್ಟರ್ ಸೀರೆ ಕೂಡ. ಸೂರತ್ತಿನ ಗಾರ್ಡನ್ ವರೇಲಿ, ಅಹಮದಾಬಾದ್ ಪಕ್ಕದ ನರೋಡಾದ ವಿಮಲ್ ಸೀರೆಗಳ ಜಾಹೀರಾತುಗಳು ಚೆಲುವನ್ನು ತೋರಿಸುತ್ತಿದ್ದವು. ಮನೆಯಲ್ಲಿ ಹೆಂಗಸರು ಎಣಿಸಿದ್ದು ಉಳಿದ ಹೊತ್ತನ್ನು.

ಕಳೆದುಕೊಂಡದ್ದೇನು

ಆದರೆ ಈ ಅನುಕೂಲ ಪುಕ್ಕಟೆ ಬಂದದ್ದಲ್ಲ. ಮೊದಲನೆಯದು ಬೆಂಕಿಯ ಭಯ. ಹತ್ತಿಗೂ ಬೆಂಕಿ ಹತ್ತುತ್ತದೆ, ಬೇಗನೇ ಹತ್ತುತ್ತದೆ. ಆದರೆ ನೈಲಾನ್, ಪಾಲಿಯೆಸ್ಟರ್ ಕರಗುತ್ತವೆ. ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪಾಲಿಯೆಸ್ಟರ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ, ಕಿತ್ತರೆ ಚರ್ಮವೂ ಬರುತ್ತದೆ. ನೆಲದ ಮೇಲೆ ಸೀಮೆಎಣ್ಣೆ ಸ್ಟೋವ್, ಪಕ್ಕದಲ್ಲಿ ಜಾರುವ ಸೆರಗು. ನಮ್ಮ ಚಾಳಿನಲ್ಲಿ ಹಾಗೆ ಒಬ್ಬ ಹೆಂಗಸು ಸುಟ್ಟುಕೊಂಡ ಮೇಲೆ ತಾಯಿ ಒಂದು ನಿಯಮ ಮಾಡಿದರು: ಕಚೇರಿಗೆ ಪಾಲಿಯೆಸ್ಟರ್, ಒಲೆಯ ಮುಂದೆ ಹಳೇ ವಾಯಿಲ್. ಇಂದಿಗೂ ನಮ್ಮ ಮನೆಯಲ್ಲಿ ಆ ನಿಯಮ ತಪ್ಪಿಲ್ಲ.

ಎರಡನೆಯದು ಹಳೇ ಸೀರೆಯ ಮರುಬಾಳು. ಹತ್ತಿ ಸೀರೆ ಹಳತಾದಷ್ಟೂ ಮೆತ್ತಗಾಗುತ್ತದೆ. ಹರಿದ ಮೇಲೆ ಅದು ಕೂಸಿನ ತೊಟ್ಟಿಲಿಗೆ, ಬಾಣಂತಿಯ ಸೊಂಟಕ್ಕೆ, ತಿಂಗಳ ಬಟ್ಟೆಗೆ, ಹಾಲು ಸೋಸಲಿಕ್ಕೆ, ಕೊನೆಗೆ ಕೌದಿಗೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಮೂರು ತಲೆಮಾರಿನ ಸೀರೆಗಳು ಒಂದು ಕೌದಿಯಲ್ಲಿ ಸೇರಿರುತ್ತವೆ. ಪಾಲಿಯೆಸ್ಟರ್ ಸೀರೆ ಹರಿಯುವುದೇ ಅಪರೂಪ, ಹರಿದರೂ ನೀರು ಹೀರದ ಬಟ್ಟೆ ಇವುಗಳಲ್ಲಿ ಯಾವುದಕ್ಕೂ ಆಗುವುದಿಲ್ಲ. ನಮ್ಮ ಚಾಳಿನಲ್ಲಿ ಅದು ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಭಾಂಡೆವಾಲಿಯ ಗಂಟಿಗೆ ಹೋಗುತ್ತಿತ್ತು. ಈಗ ಕಸದ ರಾಶಿಗೆ ಹೋಗುತ್ತದೆ, ಮಣ್ಣಿನಲ್ಲಿ ಬಹುಕಾಲ ಕೊಳೆಯದೆ ಉಳಿಯುತ್ತದೆ. ಒಗೆದಾಗಲೆಲ್ಲ ಅದರಿಂದ ಉದುರುವ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿನೊಂದಿಗೆ ಸಮುದ್ರ ಸೇರುತ್ತವೆ.

1982 ಮತ್ತು 1985

1982ರ ಜನವರಿ 18ರಂದು ದತ್ತಾ ಸಾಮಂತ್ ಅವರ ಮುಂದಾಳ್ತನದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅನೇಕ ಗಿರಣಿಗಳ ಭೋಂಗಾ ಮತ್ತೆ ಕೂಗಲೇ ಇಲ್ಲ. ಅದೇ ವರ್ಷ ಮುಂಬಯಿಯಿಂದ ಸ್ವಲ್ಪ ದೂರದ ಪಾತಾಳಗಂಗಾದಲ್ಲಿ ರಿಲಯನ್ಸಿನ ಪಾಲಿಯೆಸ್ಟರ್ ನೂಲಿನ ಕಾರ್ಖಾನೆ ಶುರುವಾಯಿತು. ಒಂದರಿಂದಲೇ ಇನ್ನೊಂದು ಆಯಿತೆಂದು ಹೇಳುವುದು ಸರಿಯಲ್ಲ. ಹಳೇ ಯಂತ್ರಗಳು, ಭಿವಂಡಿ ಸೂರತ್ತಿನ ಪವರ್‌ಲೂಮ್‌ಗಳ ಸ್ಪರ್ಧೆ, ಏರುತ್ತಿದ್ದ ಜಾಗದ ಬೆಲೆ, ಇವೆಲ್ಲ ಗಿರಣಿಗಳನ್ನು ಮೊದಲೇ ಸೊರಗಿಸಿದ್ದವು. ಆದರೂ ಒಂದು ನಾರಿನ ಕಾಲ ಇಳಿದು ಇನ್ನೊಂದರ ಕಾಲ ಏರಿದ್ದನ್ನು ಆ ವರ್ಷದಷ್ಟು ಸ್ಪಷ್ಟವಾಗಿ ತೋರಿಸುವ ವರ್ಷ ಬೇರೊಂದಿಲ್ಲ.

1985ರ ಜವಳಿ ನೀತಿಯಲ್ಲಿ ಕೇಂದ್ರ ಸರ್ಕಾರ ಹತ್ತಿಗೂ ಕೃತಕ ನಾರಿಗೂ ಸಮಾನ ಸ್ಥಾನ ಎಂದು ಸಾರಿ, ತೆರಿಗೆಯನ್ನು ಕ್ರಮೇಣ ಇಳಿಸತೊಡಗಿತು. ಅಲ್ಲಿಯವರೆಗೆ ಪ್ರತಿಷ್ಠೆಯಾಗಿದ್ದ ಪಾಲಿಯೆಸ್ಟರ್ ಎಲ್ಲರ ಬಟ್ಟೆಯಾಯಿತು. ಬಾಳಿಕೆ ಬರುವ, ಬಣ್ಣ ಹೋಗದ, ಅಗ್ಗದ ಬಟ್ಟೆ ಬಡವರಿಗೆ ಸಿಕ್ಕಿತು. ಅದನ್ನು ಕಡಿಮೆ ಎಂದು ನಾನು ಹೇಳಲಾರೆ. ಆದರೆ ಇಳಕಲ್ಲು, ಗುಳೇದಗುಡ್ಡದ ಮಗ್ಗಗಳು ಅದರ ಮುಂದೆ ಬೆಲೆಯಲ್ಲಿ ನಿಲ್ಲಲಾರದೆ ಹೋದವು.

ಬಾವುಟದ ಬಟ್ಟೆ

ಹತ್ತಿ ಮತ್ತು ಪಾಲಿಯೆಸ್ಟರಿನ ಈ ಪೈಪೋಟಿ ರಾಷ್ಟ್ರಧ್ವಜದವರೆಗೂ ಹೋಯಿತು. ಅಲ್ಲೂ ನಮ್ಮ ನಾಡಿನ ಹೆಂಗಸರ ಕೈಗಳಿವೆ. ಧಾರವಾಡ ಸಮೀಪದ ಗರಗದ ಖಾದಿ ಬಟ್ಟೆ ಧ್ವಜಕ್ಕೆ ಹೆಸರುವಾಸಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, ಮಾನಕ ಬ್ಯೂರೋದ ಮುದ್ರೆಯೊಡನೆ ಧ್ವಜ ತಯಾರಿಸಿ ದೇಶಕ್ಕೆಲ್ಲ ಕಳಿಸುತ್ತದೆ. ನೂಲುವ, ಹೊಲಿಯುವ ಕೆಲಸದಲ್ಲಿ ಹೆಚ್ಚಿನವರು ಮಹಿಳೆಯರೇ. ಧ್ವಜ ಕೈಯಿಂದ ನೂತ, ಕೈಮಗ್ಗದ ಬಟ್ಟೆಯದೇ ಆಗಿರಬೇಕೆಂಬ ನಿಯಮ ಅವರ ಅನ್ನಕ್ಕೆ ಆಸರೆಯಾಗಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅವಕಾಶ ಸಿಕ್ಕಿತು. ಮರುವರ್ಷ ಆಗಸ್ಟಿನಲ್ಲಿ ಮನೆಮನೆಯ ಮೇಲೆ ಧ್ವಜ ಹಾರಿತು. ಅಗ್ಗದ ಧ್ವಜ ಎಲ್ಲರ ಕೈಗೆಟುಕಿತು ಎನ್ನುವವರ ಮಾತಿನಲ್ಲೂ ಅರ್ಥವಿದೆ. ಆದರೆ ನೂಲುವ ಹೆಂಗಸಿನ ಪಾಲಿಗೆ ಆ ನಿಯಮವೇ ಕೂಲಿಯಾಗಿತ್ತು.

ಈಗ ಯಾರ ಮೈಮೇಲೆ ಯಾವುದು

ಈ ಐವತ್ತು ವರ್ಷಗಳಲ್ಲಿ ಒಂದು ಅದಲು ಬದಲಾಗಿದೆ. 1970ರಲ್ಲಿ ಪಾಲಿಯೆಸ್ಟರ್ ಉಟ್ಟವರು ಅನುಕೂಲಸ್ಥರು, ಹತ್ತಿ ಉಟ್ಟವರು ಸಾಮಾನ್ಯರು. ಇಂದು ಜಗತ್ತಿನಲ್ಲಿ ತಯಾರಾಗುವ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್, ಹತ್ತಿ ಸುಮಾರು ಐದರಲ್ಲಿ ಒಂದು ಪಾಲು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯಿದ್ದ ಜಾಗದಲ್ಲಿ ಈಗ ಮಾಲ್ ಇದೆ. ಕೈಮಗ್ಗದ ಹತ್ತಿ ಸೀರೆ ಸಾವಿರಾರು ರೂಪಾಯಿಯ ಶೋಕಿಯಾಗಿದೆ. ಅದನ್ನು ಉಡುವ ನಾವು ಹೆಚ್ಚಾಗಿ ಎಸಿ ಕೋಣೆಯಲ್ಲಿ ಕೂರುವವರು, ನಮ್ಮ ಬಟ್ಟೆ ಒಗೆಯಲು ಮಷಿನ್ ಇದೆ, ಇಸ್ತ್ರಿಗೆ ಅಂಗಡಿಯಿದೆ. ಮೇ ತಿಂಗಳ ಬಿಸಿಲಿನಲ್ಲಿ ಇಟ್ಟಿಗೆ ಹೊರುವವಳು, ಮೀನು ಮಾರುವವಳು, ನಾಲ್ಕು ಮನೆ ಕೆಲಸ ಮಾಡಿ ಓಡುವವಳು ಉಟ್ಟಿರುವುದು ಪಾಲಿಯೆಸ್ಟರ್. ಯಾರಿಗೆ ಹೆಚ್ಚು ಬೆವರೋ ಅವರಿಗೇ ಬೆವರು ಹೀರದ ಬಟ್ಟೆ.

ಈಚೆಗೆ ಆಟಗಾರರಿಗೆಂದು ಬರುವ ಪಾಲಿಯೆಸ್ಟರ್ ಟೀಶರ್ಟುಗಳಲ್ಲಿ ಎಳೆಗಳ ಆಕಾರ ಬದಲಿಸಿ, ಬೆವರನ್ನು ಬಟ್ಟೆಯ ಹೊರಮೈಗೆ ಎಳೆದು ಆರಿಸುವ ಉಪಾಯ ಮಾಡಿದ್ದಾರೆ. ಪುಣೆ, ದಿಲ್ಲಿಯ ಒಣ ಬಿಸಿಲಿನಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಮುಂಬಯಿ, ಚೆನ್ನೈನ ಜಿಗುಟು ಹವೆಯಲ್ಲಿ ಬೆವರು ಆರುವುದೇ ನಿಧಾನ. ಹಾಗೆಂದು ಹತ್ತಿಯೂ ಪೂರ್ತಿ ಮುಗ್ಧವಲ್ಲ, ಅದಕ್ಕೆ ಬೇಕಾಗುವ ನೀರು, ಹೊಡೆಯುವ ಔಷಧಿ, ಬೆಳೆ ಕೈಕೊಟ್ಟಾಗ ರೈತರ ಮೇಲೆ ಬೀಳುವ ಸಾಲ ನಮಗೆ ಗೊತ್ತಿರುವಂಥದ್ದೇ.

ಕೊಳ್ಳುವಾಗ ಅನುಕೂಲವಾಗಲೆಂದು ಒಂದು ಪರೀಕ್ಷೆ ಹೇಳುತ್ತೇನೆ. ‘ಕಾಟನ್ ಸಿಲ್ಕ್’, ‘ಕಾಟನ್ ಫೀಲ್’ ಎಂಬ ಹೆಸರುಗಳನ್ನು ನಂಬಬೇಡಿ. ಅಂಚಿನಿಂದ ಒಂದೆಳೆ ತೆಗೆದು ಇಕ್ಕಳದಲ್ಲಿ ಹಿಡಿದು ಮೋರಿಯ ಮೇಲೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ದೀಪಾವಳಿಗೆ ಮನೆಗೆಲಸದವರಿಗೆ ಸೀರೆ ಕೊಡುವ ಪದ್ಧತಿ ನಮ್ಮೆಲ್ಲರಲ್ಲಿದೆ. ಬಹಳ ಸಲ ನಮಗೆ ಯಾರೋ ಕೊಟ್ಟು ನಾವು ಉಡದೆ ಬಿಟ್ಟ ಪಾಲಿಯೆಸ್ಟರ್ ಸೀರೆಯೇ ಅವರ ಕೈ ಸೇರುತ್ತದೆ. ಹೋದ ವರ್ಷ ನಾನು ನಮ್ಮ ಮನೆಗೆ ಬರುವ ಬಾಯಿಯನ್ನು ಮೊದಲೇ ಕೇಳಿದೆ, ಯಾವ ಸೀರೆ ಬೇಕು ಎಂದು. ಅವಳು ಸ್ವಲ್ಪ ಯೋಚಿಸಿ ಎರಡು ಹೇಳಿದಳು: ಕೆಲಸಕ್ಕೆ ಬರುವಾಗ ಉಡಲು ಬೇಗ ಒಣಗುವಂಥದ್ದು, ರಾತ್ರಿ ಮನೆಯಲ್ಲಿ ಉಡಲು ಮೆತ್ತನೆಯ ಹತ್ತಿಯದು. ಅವಳ ಮನೆಯಲ್ಲಿ ಫ್ಯಾನಿಗೆ ಕರೆಂಟು ಆಗಾಗ ಹೋಗುತ್ತದಂತೆ. ಈ ಸಲ ಸೀರೆ ಕೊಳ್ಳುವ ಮುನ್ನ ನೀವೂ ಒಂದು ಮಾತು ಕೇಳಿ ನೋಡಿ.